ನೀಚ್ ಹುಡುಕಾಟ

"ಒಂದು ಒಳ್ಳೆ ನೀಚ್ ಹುಡುಕ್ತಿದ್ದೀನಿ ಚಿಕ್ಕಪ್ಪ" ಅಂದೆ.

ಅವರು ಎಲೆಗೆ ಸುಣ್ಣ ಹಚ್ಚೋದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅದಕ್ಕೆ ಬೆಂಗಳೂರಿಗೆ ಯಾಕೆ ಹೋದೆ? ನಮ್ಮೂರಲ್ಲೇ ಬೇಕಾದಷ್ಟು ಜನ ಇದ್ರಲ್ಲ!"

ನೀಚ ಅಲ್ಲ, ನೀಚ್. ಕೆಲವರು ನೀಶ್ ಅಂತಾರೆ, ಕೆಲವರು ನಿಚ್ ಅಂತಾರೆ. ಅಫಿಲಿಯೇಟ್ ಮಾರ್ಕೆಟಿಂಗ್ ಮಾಡುವವರು ಮೊದಲು ಇದನ್ನು ಹಿಡಿಯಬೇಕಂತೆ. ಯಾವುದಾದರೂ ಒಂದೇ ಬಗೆಯ ಸಾಮಾನು ಆರಿಸಿಕೊಂಡು, ಅದನ್ನು ಹೊಗಳಿ ಬರೆದು, ಕೆಳಗೆ ಲಿಂಕ್ ಕೊಡಬೇಕು. ಯಾರಾದರೂ ಲಿಂಕ್ ಒತ್ತಿ ಕೊಂಡರೆ ನಮಗೆ ಕಮಿಷನ್. ಹತ್ತು ನಿಮಿಷ ಬಿಡಿಸಿ ಹೇಳಿದೆ. ತಿಪಟೂರಿನ ಮಾರ್ಕೆಟ್ಟಿನಲ್ಲಿ 30 ವರ್ಷ ಕೊಬ್ಬರಿ ವ್ಯವಹಾರ ಮಾಡಿದ ಚಿಕ್ಕಪ್ಪ, "ದಲ್ಲಾಳಿ ಕೆಲ್ಸ ಅನ್ನು" ಅಂದರು. ಅಷ್ಟನ್ನು ಕಲಿಯೋಕೆ ನಾನು 4,999 ರೂಪಾಯಿ ಕಟ್ಟಿದ್ದೆ.

ಅಸಲಿಗೆ ಕೋರ್ಸಿನ ಬೆಲೆ 49,999. ಅದಕ್ಕೆ ಕೆಂಪು ಗೀಟು ಹಾಕಿ ಪಕ್ಕದಲ್ಲಿ 4,999 ಅಂತ ಬರೆದಿದ್ದರು. ಕೆಳಗೆ ಗಡಿಯಾರ ಓಡುತ್ತಿತ್ತು, ಇನ್ನು 15 ನಿಮಿಷ ಮಾತ್ರ. ಪೇಜ್ ರಿಫ್ರೆಶ್ ಮಾಡಿದರೆ ಮತ್ತೆ 15 ನಿಮಿಷ. ಕಾಲವನ್ನೇ ಹಿಂದಕ್ಕೆ ತಿರುಗಿಸುವ ಗುರು ಸಿಕ್ಕಾಗ ಬಿಡೋದುಂಟಾ?

ನೀಚ್ ಸಿಕ್ಕ ಕೂಡಲೇ ಹಾರಬೇಡಿ, ಮೊದಲು ಟೆಸ್ಟ್ ಮಾಡಿ ಅಂದರು ಗುರುಗಳು. ಕಲ್ಪತರು ನಾಡಿನ ಹುಡುಗ ನಾನು. ಕಾಯಿ ತುರಿಯುವ ಮಣೆಯನ್ನೇ ಹಿಡಿದೆ.

ಯಾವ ಪದವನ್ನು ಜನ ಯಾವಾಗ ಎಷ್ಟು ಹುಡುಕ್ತಾರೆ ಅಂತ ಗೆರೆ ಎಳೆದು ತೋರಿಸುವ ಗೂಗಲ್ ಟ್ರೆಂಡ್ಸ್ ನೋಡಿದೆ. ಗೆರೆ ಒಂದು ಕಡೆ ಸೀದಾ 100 ಮುಟ್ಟಿತ್ತು. ನೂರಕ್ಕೆ ನೂರು! ಮನೆಗೆಲ್ಲ ಮೈಸೂರ್ ಪಾಕ್ ತಂದೆ. ಆಮೇಲೆ ಗೊತ್ತಾಯ್ತು, ಅಲ್ಲಿ 100 ಅಂದ್ರೆ ಜನರ ಲೆಕ್ಕವೂ ಅಲ್ಲ, ಮಾರ್ಕ್ಸೂ ಅಲ್ಲ. ನಾವು ಆರಿಸಿಕೊಂಡ ಅವಧಿಯಲ್ಲಿ ಆ ಪದವನ್ನು ಜಾಸ್ತಿ ಹುಡುಕಿದ ಹೊತ್ತು ಯಾವುದೋ ಅದಕ್ಕೆ 100 ಅಂತ ಹೆಸರು. ಗುಡಿಸಲುಗಳ ಕೇರಿಯಲ್ಲಿ ಎತ್ತರದ ಗುಡಿಸಲಿಗೂ 100 ಬರುತ್ತೆ. ಪಾಕ್ ಅಷ್ಟರಲ್ಲಿ ಖಾಲಿಯಾಗಿತ್ತು.

ಆಮೇಲೆ ಪೈಪೋಟಿ ಪರೀಕ್ಷೆ. ಹುಡುಕಿದರೆ 'ಟಾಪ್ 10 ತುರಿಮಣೆಗಳು' ಅನ್ನುವ ಬರಹಗಳ ಸಾಲೇ ಬಂತು. ಎಲ್ಲದರಲ್ಲೂ ಅದೇ 10, ಅದೇ ಫೋಟೋ, 'ಪ್ರತಿ ಆಧುನಿಕ ಅಡುಗೆಮನೆಗೂ ಬೇಕೇ ಬೇಕು' ಅನ್ನುವ ಅದೇ ಮಾತು. ಬಳಸಿ ನೋಡಿ ಬರೆದ ವಿಮರ್ಶೆಗಳನ್ನು ಹುಡುಕಾಟದ ಸಾಲಿನಲ್ಲಿ ಮುಂದಕ್ಕೆ ತರುತ್ತೇವೆ ಅಂತ ಗೂಗಲ್ 2021ರಲ್ಲೇ ಹೇಳಿತ್ತು. ಬರೆಯುವವರು ಮಾತು ಕೇಳಿದರು. 'ನಾವು ಬಳಸಿ ನೋಡಿದೆವು' ಅನ್ನುವ ವಾಕ್ಯವನ್ನು ಮೇಲೆ ಸೇರಿಸಿದರು.

ನಾನೂ ಸೇರಿಸಿದೆ. 2,000 ಪದ ಬರೆದೆ. ಹತ್ತರಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಮೂರನೇ ನಂಬರಿನ ಮಣೆಯನ್ನು 'ಚಿಪ್ಪಿನವರೆಗೂ ಒಂದು ಚೂರೂ ಬಿಡದೆ ತುರಿಯುತ್ತದೆ' ಅಂತ ಹೊಗಳಿದ್ದೆ. ಓದಿ ಹೇಳಿದಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದರು, "ಚಿಪ್ಪಿನವರೆಗೂ ತುರಿದರೆ ಚಟ್ನಿ ಏನಾಗ್ಬೇಕೋ?" ಅವರು ಕೂತಿದ್ದದ್ದು ಅಜ್ಜಿಯ ಕಾಲದ ಮರದ ಮಣೆ ಮೇಲೆ. ಕಬ್ಬಿಣದ ನಾಲಿಗೆಯ ಹಲ್ಲಿಗೆ ಕಾಯಿಹೋಳು ಒತ್ತಿ ತಿರುಗಿಸುತ್ತಾ, ಕಂದು ಬಣ್ಣ ಕಾಣುವ ಮೊದಲೇ ಕೈ ತೆಗೆಯುತ್ತಿದ್ದರು. ಆ ಮಣೆ ಮೂರು ತಲೆಮಾರು ಕಂಡಿದೆ. ಮಾರುವವನ ಕಡೆಯಿಂದ ನೋಡಿದರೆ ಅದಕ್ಕಿಂತ ಕೆಟ್ಟ ಸಾಮಾನು ಇನ್ನೊಂದಿಲ್ಲ.

ಲೆಕ್ಕ ಹಾಕಿದೆ. 600 ರೂಪಾಯಿ ಮಣೆಗೆ ಶೇ. 5 ಕಮಿಷನ್ ಅಂದ್ರೆ 30 ರೂಪಾಯಿ. ಕೋರ್ಸಿನ ದುಡ್ಡು ವಾಪಸ್ ಬರಬೇಕಾದರೆ 167 ಮಣೆ ಮಾರಬೇಕು. ನಮ್ಮ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ 64 ಜನ. ಲಿಂಕ್ ಹಾಕಿದೆ. ಮಣೆ ಒಂದೂ ಹೋಗಲಿಲ್ಲ. ಆದರೆ ಅದೇ ಲಿಂಕಿನಿಂದ ಒಳಹೊಕ್ಕ ಸೋದರತ್ತೆ ಒಂದು ಸೊಳ್ಳೆ ಬ್ಯಾಟ್ ಕೊಂಡರು. ಲಿಂಕ್ ಒತ್ತಿದ ಮೇಲೆ ಒಂದು ದಿನದೊಳಗೆ ಏನು ಕೊಂಡರೂ ಕಮಿಷನ್ ನನ್ನದೇ. ಕುಣಿದಾಡಿಬಿಟ್ಟೆ. ಮಾರನೇ ವಾರ ಆನ್‌ಲೈನ್ ಅಂಗಡಿಯವರ ಮೇಲ್ ಬಂತು. ನೆಂಟರ ಖರೀದಿ ಲೆಕ್ಕಕ್ಕಿಲ್ಲ ಅಂತ. ಮದುವೆ ಖರ್ಚಿಗೆ ಲೆಕ್ಕಕ್ಕೆ ಬರುವ ನೆಂಟರು ಇದಕ್ಕೆ ಮಾತ್ರ ಬರಲ್ಲ.

ಕಮಿಷನ್ ಪಡೆಯುವವರು ಅದನ್ನು ಜನರಿಗೆ ಕಾಣುವಂತೆ ಹೇಳಬೇಕು, ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು ಅಂತ ಕೇಂದ್ರ ಗ್ರಾಹಕ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದಕ್ಕೇ ಎಲ್ಲರೂ ಹೇಳುತ್ತಾರೆ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಚಿಕ್ಕಪ್ಪನಿಗೆ ತೋರಿಸಿದೆ. "ದನದ ಜಾತ್ರೇಲಿ ನಾವು ಕೈ ಮೇಲೆ ಟವೆಲ್ ಹಾಕ್ಕೊಂಡು ಬೆರಳು ಹಿಡೀತಿದ್ವಿ. ನೀವು ಟವೆಲ್ ಖರ್ಚು ಉಳಿಸಿದ್ದೀರಿ" ಅಂದರು.

ಕೋರ್ಸಿನ ಕೊನೆಯ ಪಾಠದಲ್ಲಿ ಗುರುಗಳು ಗುಟ್ಟು ಬಿಟ್ಟರು. ಎಲ್ಲ ಟೆಸ್ಟಿನಲ್ಲೂ ಪಾಸಾಗುವ ನೀಚ್ ಒಂದೇ ಒಂದು ಇದೆ. ಯಾವುದು? ಈ ಕೋರ್ಸೇ. ಒಬ್ಬರನ್ನು ಸೇರಿಸಿದರೆ ಅರ್ಧ ದುಡ್ಡು ನಮಗೆ. 167 ಮಣೆಯ ಜಾಗದಲ್ಲಿ ಬರೀ ಇಬ್ಬರು ಮನುಷ್ಯರು! ಚಿಕ್ಕಪ್ಪ ಹೇಳಿದ್ದು ಸರಿ, ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ.

ಮೊದಲ ಗಿರಾಕಿಯಾಗಿ ಅವರನ್ನೇ ಹಿಡಿದೆ. ಚಿಕ್ಕಪ್ಪ ಮಾತಾಡದೆ ಅಟ್ಟ ಹತ್ತಿದರು. ಹತ್ತಿರ ಹತ್ತಿರ ವರ್ಷದಿಂದ ಒಣಗುತ್ತಿದ್ದ ಒಂದು ಕಾಯಿ ತಂದು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗಿನ ಕೊಬ್ಬರಿ ಗಿಟಕು ಚಿಪ್ಪಿಗೆ ಬಡಿದು ಲೊಟಲೊಟ ಅಂತು.

"ಸದ್ದು ಬಂದ್ರೆ ಸರಕು ಸರಿಯಾಗಿದೆ ಅಂತ. ಎಲ್ಲಿ, ನಿನ್ನ ಕೋರ್ಸ್ ಅಲ್ಲಾಡಿಸು ನೋಡೋಣ."

ಫೋನ್ ಅಲ್ಲಾಡಿಸಿದೆ. ಟಿಂಗ್ ಅಂತು. ಆಫರ್ ಮುಗಿಯಲು ಇನ್ನು 14 ನಿಮಿಷ 59 ಸೆಕೆಂಡ್.