ಏನು ಉಪಯೋಗ ಸ್ವಾಮಿ?

ಸಿಲಿಂಡರ್ ತಂದ ಹುಡುಗ ಪಿರಿಯಾಪಟ್ಟಣದ ಕಡೆಯವನು. ಕಾಂಪೌಂಡಿನ ಪಕ್ಕದ ಗಿಡ ನೋಡಿ, "ಶುಂಠಿ ಹಾಕಿದ್ದೀರಾ ಸಾರ್? ಯಾವಾಗ ಕೀಳೋದು?" ಎಂದ. ಕೀಳಲ್ಲಪ್ಪಾ, ಇದು ಸುರುಳಿ ಸುಗಂಧಿ, ಶುಂಠಿಯ ನೆಂಟ, ಹೂವಿಗೆ ಹಾಕಿರೋದು ಎಂದೆ. ಅವನ ಮುಖದಲ್ಲಿ ಕನಿಕರ ಕಾಣಿಸಿತು. ಅವನದೇನೂ ತಪ್ಪಿಲ್ಲ ಬಿಡಿ. ಹುಣಸೂರು, ಎಚ್.ಡಿ. ಕೋಟೆ ಕಡೆಯೆಲ್ಲ ಶುಂಠಿ ಅಂದರೆ 60 ಕೆ.ಜಿ. ಮೂಟೆಯ ಲೆಕ್ಕ. 2023ರಲ್ಲಿ ರೇಟು ಏರಿದಾಗ ಕಳ್ಳರ ಭಯಕ್ಕೆ ಜನ ರಾತ್ರಿ ಹೊಲ ಕಾದಿದ್ದಾರೆ.

ಆದರೆ ಮೈಸೂರಿನ ನಮ್ಮ ಕುವೆಂಪುನಗರದಲ್ಲಿ ಓದು ಬರಹ ಬಲ್ಲವರೂ ಇದನ್ನೇ ಕೇಳುತ್ತಾರಲ್ಲ, ಅದಕ್ಕೆ ಮೈ ಉರಿಯೋದು. ಟೀಗೆ ಹಾಕಬಹುದಾ? ಕೆಮ್ಮಿಗೆ ಆಗುತ್ತಾ? ಸುರುಳಿ ಸುಗಂಧಿ ಸಂಜೆ ಅರಳಿ ಇಡೀ ಜಗಲಿ ಘಮ್ಮೆನ್ನುತ್ತಿರುವಾಗ ಅದರ ಪಕ್ಕದಲ್ಲೇ ನಿಂತು ಕೇಳುತ್ತಾರೆ.

ಇವರೆಲ್ಲರ ಪೈಕಿ ಹಿರಿಯರು ಹಿಂದಿನ ರಸ್ತೆಯ ರಾಯರು. ನಮ್ಮ ಗೇಟಿನ ಬಳಿ ಒಂದು ಇನ್ಸುಲಿನ್ ಗಿಡವಿದೆ. ಶುಂಠಿಯ ದೂರದ ನೆಂಟ. ಕಾಂಡದ ಸುತ್ತ ಮೆಟ್ಟಿಲಿನಂತೆ ಸುತ್ತಿಕೊಂಡು ಏರುವ ಎಲೆಗಳು, ಕಿತ್ತಳೆ ಬಣ್ಣದ ಹೂ. ನಾನು ತಂದಿದ್ದು ಹೂವಿನ ಆಸೆಗೆ. ರಾಯರಿಗೆ ಬೇಕಾಗಿದ್ದು ಎಲೆ. ದಿನಾ ವಾಕಿಂಗ್ ಮುಗಿಸಿ ಬಂದು ಎರಡು ಕಿತ್ತು ಅಲ್ಲೇ ಅಗಿಯುತ್ತಾರೆ. ಮೊದಮೊದಲು ಕೇಳಿ ಕೀಳುತ್ತಿದ್ದರು. ಆಮೇಲೆ ಕೇಳೋದು ಬಿಟ್ಟರು. ಆಮೇಲೆ ದೂರು ಹೇಳೋಕೆ ಶುರು ಮಾಡಿದರು.

"ಯಾಕ್ರೀ, ಈಚೆಗೆ ಹುಳಿ ಕಮ್ಮಿಯಾಗಿದೆ? ಗೊಬ್ಬರ ಹಾಕ್ತಾ ಇದ್ದೀರಾ ತಾನೆ?"

ಒಂದು ದಿನ ಷಡ್ಡಕರನ್ನೂ ಕರೆತಂದರು. "ಇವರಿಗೆ ಶುಗರ್ ಮುನ್ನೂರು. ದೊಡ್ಡ ಎಲೆ ನೋಡಿ ಕೊಡಿ." ಮಾತ್ರೆ ನಿಲ್ಲಿಸಿಲ್ಲ ತಾನೆ ಎಂದು ನನಗೆ ಗಾಬರಿ. ಎಲೆ ತಿಂದು ಡಾಕ್ಟರನ್ನು ಬಿಡಬೇಡಿ ಎಂದೆ. ರಾಯರು ನಕ್ಕರು. "ನಮ್ಮ ಋಷಿಗಳು ಸುಮ್ನೆ ಹೇಳ್ತಾರಾ?"

ಋಷಿಗಳು ಈ ಗಿಡದ ಮುಖವನ್ನೇ ಕಂಡವರಲ್ಲ. ಇದರ ತವರು ಬ್ರೆಜಿಲ್. ನಮ್ಮ ಸುಗಂಧಿಯಾದರೋ ಹಿಮಾಲಯದ ತಪ್ಪಲಿನಿಂದ ಹೊರಟು ಅದೇ ಬ್ರೆಜಿಲ್ ಸೇರಿ, ಅಲ್ಲಿ ಹಳ್ಳದ ದಂಡೆಗಳಲ್ಲೆಲ್ಲ ಹಬ್ಬಿ ಕಳೆ ಅನ್ನಿಸಿಕೊಂಡಿದೆ. ಕ್ಯೂಬಾದಲ್ಲಿ ಮಾತ್ರ ಅದು ರಾಷ್ಟ್ರೀಯ ಹೂವು. ಇದನ್ನೂ ರಾಯರಿಗೆ ಹೇಳಿದೆ. "ಹೌದಾ? ಅವರು ಅದನ್ನ ಏನಕ್ಕೆ ಬಳಸ್ತಾರೆ?" ಎಂದರು.

ತಾಳ್ಮೆ ತಪ್ಪಿತು. ಇನ್ಸುಲಿನ್ ಗಿಡ ಕಡ್ಡಿ ಮುರಿದು ನೆಟ್ಟರೂ ಚಿಗುರುತ್ತೆ ರಾಯರೇ, ನಿಮ್ಮನೇಲೇ ಹಾಕ್ಕೊಳ್ಳಿ ಎಂದು ಕಡ್ಡಿ ಕೈಗಿಟ್ಟೆ.

"ಎಲ್ಲಿ ಹಾಕೋದ್ರೀ? ಸುತ್ತ ಟೈಲ್ಸ್ ಹಾಕಿಸಿಬಿಟ್ವಲ್ಲ. ಮಣ್ಣಿದ್ರೆ ಗಲೀಜು ಜಾಸ್ತಿ."

ಇಂಥವರ ನಡುವೆ ನಾನು ರೆಡ್ ಜಿಂಜರ್ ಅನ್ನೋ ಇನ್ನೊಂದು ಹೂವಿನ ಶುಂಠಿ ಬೆಳೆಸಬೇಕು. ಕರಾವಳಿಯಲ್ಲಾದರೆ ತಾನಾಗಿ ಬೆಳೆಯುತ್ತೆ. ಮೈಸೂರಿನ ಏಪ್ರಿಲ್ ಗಾಳಿಗೆ ಎಲೆಯ ಅಂಚು ಸುಟ್ಟುಹೋಗುತ್ತೆ. ಮಧ್ಯಾಹ್ನದ ನೆರಳು ನೋಡಬೇಕು, ಬುಡಕ್ಕೆ ತರಗೆಲೆ ಹೊದಿಸಬೇಕು, ಬೇಸಿಗೆಯಲ್ಲಿ ಒಂದು ಹೊತ್ತು ನೀರು ತಪ್ಪಿದರೂ ಮುನಿಸು. ಇಷ್ಟೆಲ್ಲ ಮಾಡಿದರೆ ಮಳೆಗಾಲದಲ್ಲಿ ಒಂದೊಂದಾಗಿ ಕೆಂಪು ಕೊಂಬು ತೆಗೆಯುತ್ತೆ. ನಿಜ ಹೇಳಬೇಕೆಂದರೆ ಆ ಕೆಂಪು ಹೂವೇ ಅಲ್ಲ, ಬರೀ ಪೊರೆ. ಅಸಲಿ ಹೂ ಒಳಗಿರುವ ಪುಟ್ಟ ಬಿಳಿಯದು. ಅದನ್ನು ಬಗ್ಗಿ ನೋಡುವವನು ಇಡೀ ಬೀದಿಗೆ ನಾನೊಬ್ಬನೇ ಇರಬೇಕು. ಹಳೆಯ ಕೊಂಬಿನ ಮೇಲೇ ಮರಿಗಿಡ ಹುಟ್ಟುತ್ತೆ, ಅದು ಇನ್ನೊಂದು ಸೊಗಸು.

ಈ ಸಲ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ರಾಯರು ಸಂಜೆ ಬಂದರು. ಸಂಜೆ ಬರುವವರಲ್ಲ. ಇನ್ಸುಲಿನ್ ಗಿಡದ ಕಡೆ ನೋಡಲೂ ಇಲ್ಲ. "ಮಾರ್ಕೆಟ್ಟಿನಲ್ಲಿ ಹೂವಿನ ರೇಟು ಕೇಳೋಹಾಗಿಲ್ಲ ಕಣ್ರೀ. ಕಳಸದ ಎರಡೂ ಪಕ್ಕ ಇಡೋಕೆ ಆ ಕೆಂಪುದು ಬೇಕಂತೆ ನಮ್ಮನೆಯವರಿಗೆ." ಏನು ಉಪಯೋಗ ಅಂತಿದ್ರಲ್ಲ ರಾಯರೇ ಅನ್ನೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ಜೇಬಿನಿಂದ ಕತ್ತರಿ ತೆಗೆದಾಗಿತ್ತು.