ಅಡಿಯ ಬಣ್ಣ ಎದ್ದರೆ ಮುಚ್ಚುವ ಮೊದಲು ಕೆರೆದು ನೋಡಿ

ಕಾರಿನ ಅಡಿಗೆ ಹೊಡೆದ ರಕ್ಷಣೆಯ ಬಣ್ಣ ಸಿಪ್ಪೆಯ ಹಾಗೆ ಏಳುವುದು ನಮ್ಮ ದಾವಣಗೆರೆಯಲ್ಲೂ ಇದೆ, ನಾನು ಈಗ ಇರುವ ಇಂಗ್ಲೆಂಡಿನ ಕೊವೆಂಟ್ರಿಯಲ್ಲೂ ಇದೆ. ಎದ್ದ ಮೇಲೆ ಏನು ಮಾಡುತ್ತಾರೆ ಎನ್ನುವುದರಲ್ಲಿ ಮಾತ್ರ ತುಂಬಾ ವ್ಯತ್ಯಾಸ. ನಮ್ಮೂರಲ್ಲಿ ಅದರ ಮೇಲೆ ಇನ್ನೊಂದು ಕರಿ ಕೋಟ್ ಹೊಡೆಯುತ್ತಾರೆ. ಇಲ್ಲಿ ತಿಳಿದವರು ಮೊದಲು ಕೆರೆದು ನೋಡುತ್ತಾರೆ. ಇಲ್ಲಿಯ ಕ್ರಮವೇ ಸರಿ ಎಂದು ನನಗೆ ಅನಿಸುತ್ತದೆ. ಆದರೆ ಆ ಕೆಲಸವನ್ನು ಚೆನ್ನಾಗಿ ಮಾಡಲು ಬೇಕಾದ ಕೈ ಮತ್ತು ಬಿಸಿಲು ದಾವಣಗೆರೆಯಲ್ಲೇ ಜಾಸ್ತಿ ಇವೆ. ಅದನ್ನು ನಾವು ಬಳಸಿಕೊಳ್ಳುತ್ತಿಲ್ಲವಲ್ಲ ಎಂಬುದೇ ನನ್ನ ಬೇಜಾರು.

ನನ್ನ ಚಿಕ್ಕಪ್ಪನ ಮಗ ವಿದ್ಯಾನಗರದಲ್ಲಿದ್ದಾನೆ. ಆಸೆಪಟ್ಟು ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕೂಪೆ ತೆಗೆದುಕೊಂಡಿದ್ದಾನೆ. 2006ರಲ್ಲಿ ಬಂದ ಎರಡನೇ ತಲೆಮಾರಿನ ಮಾಡೆಲ್. ನೆಲಕ್ಕೆ ತೀರಾ ಹತ್ತಿರದ ಕಾರು. ನಮ್ಮ ಹಂಪ್‌ಗಳನ್ನು ಹೊಟ್ಟೆ ತಾಗಿಸದೆ ದಾಟುವುದೇ ಕಷ್ಟ. ಹೋದ ಸಲ ಊರಿಗೆ ಹೋದಾಗ ನೋಡಿದೆ. ಹಿಂದಿನ ಚಕ್ರದ ಪಕ್ಕ, ಅಡಿಯಲ್ಲಿ, ಬಣ್ಣ ಅಂಗೈ ಅಗಲ ಎದ್ದು ಜೋತಾಡುತ್ತಿತ್ತು. ಅವನು ಮೊದಲು ವಿಚಾರಿಸಿದ್ದ ಅಂಗಡಿಯವರು, "ಒಂದು ಕೋಟ್ ಹೊಡದ್ರೆ ಎಲ್ಲಾ ಮುಚ್ಚಿ ಹೋಕ್ಕತಿ ಸಾರ್" ಎಂದಿದ್ದರಂತೆ. ಮುಚ್ಚಿ ಹೋಗುತ್ತದೆ, ಸರಿ. ಒಳಗೆ ಏನಾಗಿದೆ ಅಂತ ನೋಡಿದವರು ಯಾರು?

ಆ ಬಣ್ಣ ಒಂದೇ ಪದರ ಅಲ್ಲ. ಫ್ಯಾಕ್ಟರಿಯಲ್ಲಿ ಮೊದಲು ಉಕ್ಕಿನ ತಗಡಿಗೆ ಸತುವಿನ ಲೇಪ ಇರುತ್ತದೆ. ಅದರ ಮೇಲೆ ಫಾಸ್ಫೇಟ್. ಆಮೇಲೆ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸಿ ಅಂಟಿಸುವ ಪ್ರೈಮರ್. ಅದಕ್ಕೆ ಇ-ಕೋಟ್ ಎನ್ನುತ್ತಾರೆ. ಕೂದಲಿಗಿಂತ ತೆಳು, ಸುಮಾರು 20 ಮೈಕ್ರಾನ್. ತುಕ್ಕನ್ನು ನಿಜವಾಗಿ ತಡೆಯುವುದು ಇದು ಮತ್ತು ಸತು. ಮೇಲೆ ಕಾಣುವ ದಪ್ಪ, ರಬ್ಬರಿನಂಥ ಪಿವಿಸಿ ಪದರದ ಕೆಲಸ ಕಲ್ಲೇಟು ತಡೆಯುವುದು. ಜಲ್ಲಿ ಹಾರಿ ಬಡಿದಾಗ ಪಿವಿಸಿ ಸೀಳುತ್ತದೆ, ಅಂಚಿನಿಂದ ನೀರು ಒಳಗೆ ಹೋಗುತ್ತದೆ, ನಿಧಾನಕ್ಕೆ ಅಂಟು ಬಿಡುತ್ತದೆ. ಹಾಗಾಗಿ ಪಿವಿಸಿ ಎದ್ದಿದ್ದರೂ ಕೆಳಗಿನ ಇ-ಕೋಟ್ ಗಟ್ಟಿಯಾಗಿದ್ದರೆ ಗಾಬರಿಪಡುವಂಥದ್ದು ಏನೂ ಇಲ್ಲ. ಪಿವಿಸಿ ನೋಡಲು ಸರಿಯಾಗಿಯೇ ಇದ್ದು ಒಳಗೆ ನೀರು ನಿಂತಿದ್ದರೆ ಅದು ಕೆಟ್ಟದ್ದು. ಎದ್ದ ಪದರದ ಮೇಲೆ ಹೊಸ ಕೋಟ್ ಹೊಡೆದರೆ ನೀರು ಹೊರಬರುವ ದಾರಿಯೂ ಮುಚ್ಚುತ್ತದೆ. ತಗಡು ಒಳಗೊಳಗೇ ಕೊಳೆಯುತ್ತದೆ, ಹೊರಗಿನಿಂದ ಕರ್ರಗೆ, ಹೊಸದರ ಹಾಗೆ ಕಾಣುತ್ತದೆ. ಇದಕ್ಕಿಂತ ಏನೂ ಮಾಡದೆ ಬಿಡುವುದೇ ವಾಸಿ.

ಇಂಗ್ಲೆಂಡಿನವರಿಗೆ ಈ ಪಾಠ ಕಲಿಸಿದ್ದು ಉಪ್ಪು. ಚಳಿಗಾಲದಲ್ಲಿ ರಸ್ತೆ ಹಿಮಗಟ್ಟಬಾರದೆಂದು ಕಲ್ಲುಪ್ಪು ಹರಡುತ್ತಾರೆ. ಚೆಶೈರ್‌ನ ವಿನ್ಸ್‌ಫರ್ಡ್‌ನಲ್ಲಿ ಈ ಉಪ್ಪು ತೆಗೆಯುವ ನೆಲದಡಿಯ ದೊಡ್ಡ ಗಣಿ ಇದೆ, 1844ರದ್ದು. ಆ ಉಪ್ಪುನೀರು ಕಾರಿನ ಅಡಿಯ ಪ್ರತಿ ಸಂದಿಗೂ ನುಗ್ಗುತ್ತದೆ. ನನ್ನ ಹತ್ತಿರ ಹಳೆಯ ಮಾಜ್ಡಾ ಎಂಎಕ್ಸ್-5 ಇದೆ. ಈ ಕಾರಿನ ದೌರ್ಬಲ್ಯ ಎಲ್ಲರಿಗೂ ಗೊತ್ತು: ಬಾಗಿಲ ಕೆಳಗಿನ ಸಿಲ್‌ನಲ್ಲಿ ನೀರು ಇಳಿಯುವ ತೂತಿಗೆ ಕಸ ಕಟ್ಟಿದರೆ ಹಿಂದಿನ ಚಕ್ರದ ಮುಂದೆ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಇಲ್ಲಿ ಕಾರಿಗೆ 3 ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ, ಅಂದರೆ ಕಾರು ರಸ್ತೆಗೆ ಇಳಿಯಲು ಯೋಗ್ಯವೇ ಎಂಬ ತಪಾಸಣೆ, ಕಡ್ಡಾಯ. ಸೀಟ್ ಬೆಲ್ಟ್, ಸಸ್ಪೆನ್ಷನ್ ಕೂರುವ ಜಾಗದಿಂದ 30 ಸೆಂ.ಮೀ. ಒಳಗೆ ತಗಡು ಲಡ್ಡಾಗಿದ್ದರೆ ಫೇಲ್ ಮಾಡಬಹುದು. ಹಾಗಾಗಿ ಇಲ್ಲಿ ಹಳೆ ಕಾರು ಕೊಳ್ಳುವವರು ಅಡಿಯಲ್ಲಿ ಹೊಚ್ಚ ಹೊಸ ಕರಿ ಬಣ್ಣ ಕಂಡರೆ ಹಿಂದೆ ಸರಿಯುತ್ತಾರೆ. ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ. ನಮ್ಮ ಕಡೆ ಅದೇ ಬಣ್ಣ ಕಂಡರೆ "ಕೋಟಿಂಗ್ ಮಾಡ್ಸಿದಾರೆ, ಚೆನ್ನಾಗಿ ನೋಡ್ಕೊಂಡಿದಾರೆ" ಎಂದು ದುಡ್ಡು ಜಾಸ್ತಿ ಕೊಡುತ್ತಾರೆ. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಯಾವ ಕಚೇರಿಯವರೂ ಅಡಿಗೆ ಬಗ್ಗಿ ನೋಡುವುದಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಮಳೆಯ ಲೆಕ್ಕದಲ್ಲಿ ಎರಡೂ ಊರು ಹೆಚ್ಚೂಕಡಿಮೆ ಒಂದೇ, ವರ್ಷಕ್ಕೆ 650 ಮಿ.ಮೀ. ಆಸುಪಾಸು. ಆದರೆ ಕೊವೆಂಟ್ರಿಯಲ್ಲಿ ಅದು ವರ್ಷವಿಡೀ ಹನಿಹನಿಯಾಗಿ ಬೀಳುತ್ತದೆ. ಚಳಿಗಾಲದಲ್ಲಿ ಕಾರಿನ ಅಡಿ ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ದಾವಣಗೆರೆಯಲ್ಲಿ ಮಳೆಗಾಲ ಮುಗಿದರೆ ಮುಗಿಯಿತು. ಚಿತ್ರದುರ್ಗ, ಚಳ್ಳಕೆರೆ ಕಡೆ ಇನ್ನೂ ಒಣ. ಇಂಥ ಹವೆಯಲ್ಲಿ ಇಂಗ್ಲೆಂಡಿನವರ ಹಾಗೆ ಇಡೀ ಅಡಿಗೆ ಹೊಸ ಲೇಪ ಬಳಿಯುವ ಅಗತ್ಯವೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎದ್ದ ಜಾಗ ಮಾತ್ರ ಸರಿ ಮಾಡಿದರೆ ಸಾಕು.

ಹಾಗಂತ ನಮ್ಮಲ್ಲಿ ಶತ್ರು ಇಲ್ಲ ಅಂತಲ್ಲ. ನಮ್ಮ ಎರೆಮಣ್ಣು ಇದೆಯಲ್ಲ, ಅದು ಒಮ್ಮೆ ಚಕ್ರದ ಗೂಡಿಗೆ ಮೆತ್ತಿಕೊಂಡರೆ ನೀರನ್ನು ಹಿಡಿದುಕೊಂಡೇ ಕೂರುತ್ತದೆ. ಭದ್ರಾ ನಾಲೆಯ ಗದ್ದೆಗಳ ಕಡೆ ಓಡಾಡುವವರಿಗೆ ಇದು ಚೆನ್ನಾಗಿ ಗೊತ್ತು. ಆಮೇಲೆ ವಾಟರ್ ಸರ್ವಿಸ್. ತೊಳೆದಾದ ಮೇಲೆ ಅಡಿಗೆ ಡೀಸೆಲ್ ಅಥವಾ ಹಳೆ ಆಯಿಲ್ ಸ್ಪ್ರೇ ಮಾಡುವ ರೂಢಿ ಇನ್ನೂ ಕೆಲವು ಕಡೆ ಇದೆ. ಎರಡು ದಿನ ಮಿರಮಿರ ಹೊಳೆಯುತ್ತದೆ. ಆದರೆ ಡೀಸೆಲ್ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಊದಿಸಿ ಹಾಳು ಮಾಡುತ್ತದೆ, ಧೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ, ಮುಂದೆ ಹಚ್ಚುವ ಯಾವ ಬಣ್ಣವೂ ನಿಲ್ಲದ ಹಾಗೆ ಮಾಡುತ್ತದೆ. ದಯವಿಟ್ಟು ಬೇಡ ಅನ್ನಿ. ಪ್ರೆಶರ್ ಗನ್ನನ್ನು ಎದ್ದ ಅಂಚಿಗೇ ಹಿಡಿಯಲೂ ಬಿಡಬೇಡಿ, ಅಂಗೈ ಅಗಲ ಇದ್ದದ್ದು ಮೊಳದುದ್ದ ಆಗುತ್ತದೆ.

ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆ ಮೇಲೆ ಹರಡುವ ಹುಲ್ಲಿನ ಅಪಾಯ ಇದಕ್ಕೂ ದೊಡ್ಡದು. ತಗ್ಗಿನ ಕಾರು ಅದರ ಮೇಲೆ ಹೋದರೆ ಜೋತಾಡುವ ಪದರಕ್ಕೆ ಹುಲ್ಲು ಸಿಕ್ಕಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್. ಬೆಂಕಿ ಹತ್ತಲು ಇನ್ನೇನು ಬೇಕು? ಆದ್ದರಿಂದ ಜೋತಾಡುವ ತುಂಡನ್ನು ಅವತ್ತೇ ಕತ್ತರಿಸಿ ತೆಗೆಯಿರಿ. ಉಳಿದ ಕೆಲಸ ವಾರ ತಡವಾದರೂ ಚಿಂತೆಯಿಲ್ಲ.

ಟಿಟಿಯನ್ನು ಕೊನೆಗೆ ಪಿ.ಬಿ. ರಸ್ತೆ ಕಡೆಯ ಒಬ್ಬ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ಒಯ್ದೆವು. ವಯಸ್ಸಾದವರು, ತಗಡು ನೋಡಿದರೆ ಸಾಕು ಅದರ ಕಥೆ ಹೇಳುತ್ತಾರೆ. ಅಡಿಯನ್ನು ತೊಳೆಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಲಿಫ್ಟಿಗೆ ಏರಿಸಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಒಂದು ಸದ್ದು, ಒಳಗೆ ಟೊಳ್ಳಿದ್ದಲ್ಲಿ ಇನ್ನೊಂದು. ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಅಂಟು ಬಿಟ್ಟಿದ್ದನ್ನೆಲ್ಲ ತೆಗೆದರು, ಗಟ್ಟಿ ಅಂಚು ಸಿಕ್ಕಲ್ಲಿ ನಿಲ್ಲಿಸಿದರು. ಹುಡುಗನೊಬ್ಬ ಗ್ಯಾಸ್ ಟಾರ್ಚ್ ತಂದ. ಮೇಸ್ತ್ರಿ ಬೇಡವೆಂದರು. ನಾನೂ ಕಾರಣ ಹೇಳಿದೆ: ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಸುತ್ತಲಿನ ಕಬ್ಬಿಣಕ್ಕೂ ಕೆಟ್ಟದ್ದು. ಹೀಟ್ ಗನ್ನಿನಿಂದ ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು.

ಒಳಗೆ ಇ-ಕೋಟ್ ಬಹುಪಾಲು ಹಾಗೇ ಇತ್ತು. ತಗಡುಗಳು ಕೂಡುವ ಒಂದು ಕೀಲಿನ ಹತ್ತಿರ ಮಾತ್ರ ಬಿಳಿ ಪುಡಿ, ಅಂದರೆ ಸತು ತನ್ನನ್ನು ತಾನೇ ಸವೆಸಿಕೊಂಡು ಉಕ್ಕನ್ನು ಕಾಯುತ್ತಿತ್ತು. ಎಮರಿ ಪೇಪರ್‌ನಿಂದ ಅಂಚನ್ನು ಇಳಿಜಾರು ಮಾಡಿ, ಥಿನ್ನರ್‌ನಿಂದ ಒರೆಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಚ್ಚಿದರು. ಕೀಲಿಗೆ ಸಂದು ಮುಚ್ಚುವ ಸೀಮ್ ಸೀಲರ್. ಅದರ ಮೇಲೆ ಕಲ್ಲೇಟು ತಡೆಯುವ ಕೋಟ್, ಆ ಜಾಗಕ್ಕೆ ಮಾತ್ರ. ನೀರಿಳಿಯುವ ತೂತುಗಳಿಗೆ ಮೊದಲೇ ಬೆಣೆ ಇಟ್ಟು ಆಮೇಲೆ ತೆಗೆದರು. ಸೈಲೆನ್ಸರ್, ಬ್ರೇಕ್, ಬುಷ್‌ಗಳಿಗೆ ಪೇಪರ್ ಸುತ್ತಿದ್ದರು. ಸಂದುಗಳ ಒಳಗೆ ಬಣ್ಣವಿಲ್ಲದ ಮೇಣದ ಸ್ಪ್ರೇ. ಮೇಣದಡಿ ಏನಾಗುತ್ತಿದೆ ಎಂದು ಕಾಣುತ್ತದೆ, ಅದಕ್ಕೇ ನನಗೆ ಅದು ಇಷ್ಟ.

ಟಿಟಿ ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಈ ಕೂಪೆಯ ಬಾಡಿ ತೂಕದಲ್ಲಿ 69 ಶೇಕಡ ಅಲ್ಯೂಮಿನಿಯಂ, 31 ಶೇಕಡ ಉಕ್ಕು. ಉಕ್ಕು ಇರುವುದು ಮುಖ್ಯವಾಗಿ ಹಿಂಭಾಗದಲ್ಲಿ. ಮುಂದಿನ ಅಲ್ಯೂಮಿನಿಯಂ ಭಾಗಕ್ಕೆ ಸಾಮಾನ್ಯ ವೈರ್ ಬ್ರಶ್ ಹಾಕಿಸಬೇಡಿ. ಬ್ರಶ್ಶಿನ ಕಬ್ಬಿಣದ ಕಣ ಅದರಲ್ಲಿ ಹೂತುಕೊಂಡು ಅಲ್ಲಿಂದಲೇ ಸವೆತ ಶುರುವಾಗುತ್ತದೆ. ನೈಲಾನ್ ಬ್ರಶ್ ಕೊಡಿ ಎಂದು ಕೇಳಿ.

ಇದೇ ಕೆಲಸ ಕೊವೆಂಟ್ರಿಯಲ್ಲಿ ಮಾಡಿಸಿದರೆ ಕೂಲಿಯೇ ತುಂಬಾ ದುಬಾರಿ. ಅದಕ್ಕೇ ಇಲ್ಲಿ ಜನ ಚಳಿಯಲ್ಲಿ ಗ್ಯಾರೇಜಿನಲ್ಲಿ ಮಲಗಿ, ಹೀಟರ್ ಹಚ್ಚಿ, ತಾವೇ ಮಾಡಿಕೊಳ್ಳುತ್ತಾರೆ. ಪ್ರೈಮರ್ ಒಣಗುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ದಾವಣಗೆರೆಯ ಫೆಬ್ರವರಿ ಬಿಸಿಲಿನಲ್ಲಿ ಆ ಚಿಂತೆಯೇ ಇಲ್ಲ. ತಗಡನ್ನು ಬಿಸಾಡದೆ ತಟ್ಟಿ ಸರಿ ಮಾಡುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಅವರಿಗೆ ಕೆರೆಯುವ ಕೂಲಿ ಕೊಡುವವರು ಕಡಿಮೆ, ಸ್ಪ್ರೇ ಹೊಡೆಯುವ ಕೂಲಿ ಕೊಡುವವರೇ ಜಾಸ್ತಿ. ಹಾಗಿರುವಾಗ ಅವರು ಯಾಕೆ ಕೆರೆಯುತ್ತಾರೆ?

ಆದ್ದರಿಂದ ಅಂಗಡಿಗೆ ಹೋದಾಗ ಕೋಟಿಂಗಿಗೆ ಎಷ್ಟು ಎಂದು ಕೇಳುವ ಮೊದಲು ಕೆರೆದು ತೋರಿಸಲು ಎಷ್ಟು ಎಂದು ಕೇಳಿ. ಪ್ರೈಮರ್ ಹಾಕುವ ಮುಂಚೆ ಬರಿ ತಗಡಿನ ಫೋಟೋ ಕಳಿಸಿ ಅನ್ನಿ. ತಮ್ಮನ ಕಾರಿನ ಆ ಫೋಟೋಗಳು ಅವನ ಮೊಬೈಲಿನಲ್ಲಿವೆ. ಮಳೆಗಾಲ ಕಳೆದ ಮೇಲೆ ಅದೇ ಜಾಗವನ್ನು ಮತ್ತೆ ತಟ್ಟಿ ನೋಡಿಸುತ್ತೇನೆ ಎಂದು ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದಾನೆ.