ರಾಶಿ, ಬೆಟ್ಟೆ, ಮಿದುಳು

ನಮ್ಮ ಶಿವಮೊಗ್ಗ ಸೀಮೆಯವರ ಕಣ್ಣು ಭಾರೀ ಚುರುಕು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಶಂಕೆ ಇರುವ ಹುಡುಗನ ಮಿದುಳಿನ ಎಂಆರ್‌ಐ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಸಾಕು, ಮಾವ, ಭಾವ, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಸೇರಿ ಎರಡು ನಿಮಿಷದಲ್ಲಿ ತೀರ್ಪು ಕೊಡುತ್ತಾರೆ. "ನಾರ್ಮಲ್ ಅಂತ ಬರೆದಿದೆ ನೋಡಿ. ಇವನಿಗೇನೂ ಆಗಿಲ್ಲ, ಸುಮ್ನೆ ನಾಟಕ." ಹುಡುಗ ಅಲ್ಲೇ ಗೋಡೆ ಕಡೆ ತಿರುಗಿ ಯಾರಿಗೋ ಉತ್ತರ ಕೊಡುತ್ತಿರುತ್ತಾನೆ. ಅದು ಫಿಲ್ಮಿನಲ್ಲಿ ಬಿದ್ದಿಲ್ಲವಲ್ಲ, ಲೆಕ್ಕಕ್ಕಿಲ್ಲ.

ಇದು ಅಡಿಕೆ ಮಂಡಿಯಲ್ಲಿ ಕಲಿತ ವಿದ್ಯೆ ಇರಬೇಕು. ಅಡಿಕೆಯನ್ನು ಅಂಗೈಯಲ್ಲಿ ಆಡಿಸಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎನ್ನುವವರಿಗೆ ಮಿದುಳು ಯಾವ ಮಹಾ?

ಪಾಪ, ವಿಜ್ಞಾನಿಗಳಿಗೆ ಈ ವಿದ್ಯೆ ಬರುವುದಿಲ್ಲ. 1976ರಲ್ಲಿ ಲಂಡನ್ನಿನಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಸಿ.ಟಿ. ಸ್ಕ್ಯಾನ್ ಮಾಡಿ, ಸ್ಕಿಜೋಫ್ರೇನಿಯಾ ಇದ್ದವರ ಮಿದುಳಿನೊಳಗೆ ನೀರು ತುಂಬಿದ ಕೋಣೆಗಳು ದೊಡ್ಡದಾಗಿವೆ ಅಂತ ಕಂಡರು. ಆಮೇಲೆ ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗ ಚಿಕ್ಕದು ಅಂತ ಗೊತ್ತಾಯಿತು. ಇಲ್ಲದ ದನಿ ಕೇಳುವುದಕ್ಕೂ ಎಡಗಿವಿಯ ಕಡೆ, ಮಾತು ಗ್ರಹಿಸುವ ಮಿದುಳಿನ ಮಡಿಕೆ ತೆಳುವಾಗುವುದಕ್ಕೂ ನಂಟಿದೆ ಎಂದು ಕೆಲವು ಅಧ್ಯಯನಗಳು ಹೇಳಿದವು. ಆದರೆ ಇದೆಲ್ಲ ಜನರನ್ನು ಗುಂಪುಗುಂಪಾಗಿ ಹೋಲಿಸಿದಾಗ ಸಿಗುವ ಸರಾಸರಿ. ಒಬ್ಬನ ಫಿಲ್ಮ್ ಹಿಡಿದು ಇವನಿಗೆ ಕಾಯಿಲೆ ಇದೆ ಅಥವಾ ಇಲ್ಲ ಎನ್ನಲು ಆಗುವುದಿಲ್ಲ. ಗಡ್ಡೆ ಗಿಡ್ಡೆ ಇದೆಯೇ ಅಂತ ನೋಡಲು ಸ್ಕ್ಯಾನ್ ಬೇಕು. ಸ್ಕಿಜೋಫ್ರೇನಿಯಾ ಗುರುತಿಸುವುದು ಮಾತ್ರ ಇವತ್ತಿಗೂ ಡಾಕ್ಟರು ಎದುರು ಕೂತು, ಮಾತಾಡಿಸಿ, ಮನೆಯವರನ್ನು ಕೇಳಿ. ಇಷ್ಟು ವರ್ಷ ಓದಿ ಬರೀ ಮಾತಾಡಿಸುವುದಾ ಅಂತ ಮಾವನಿಗೆ ಬೇಜಾರು.

ಅಡಿಕೆ ಅಂದಾಗ ನೆನಪಾಯಿತು. ಮಳೆ ಜೋರಾಗುವ ಮುಂಚೆಯೇ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತೇವೆ ಅಲ್ವಾ? ಮೈಲುತುತ್ತದ ರೇಟ್ ಕೇಳಿ ಬೈದುಕೊಂಡು, ಕೊನೆಗಾರ ಸಿಗದೆ ಊರೆಲ್ಲ ಹುಡುಕಿ, ಅವನ ಮರ್ಜಿ ಕಾದು, ಊಟ ಹಾಕಿ, ಮಧ್ಯೆ ಇನ್ನೊಂದು ಸಲವೂ ಹೊಡೆಸುತ್ತೇವೆ. "ಹೋದ ವರ್ಷ ಕೊಳೆ ಬರಲಿಲ್ಲ, ಈ ವರ್ಷ ಬಿಡೋಣ" ಅಂದರೆ ಅವನಿಗೇ ತಲೆ ಕೆಟ್ಟಿದೆ ಅನ್ನುತ್ತೇವೆ. ಮಗನ ಮಾತ್ರೆಯ ವಿಷಯಕ್ಕೆ ಬಂದಾಗ ಮಾತ್ರ, "ಈಗ ಸರಿಯಾಗಿದ್ದಾನಲ್ಲ, ನಿಲ್ಲಿಸು."

ತೀರ್ಥಹಳ್ಳಿ ತಾಲೂಕಿನಲ್ಲೇ ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಇದನ್ನು ನೋಡಿದ್ದಾರೆ. ಮಾತ್ರೆ ತೆಗೆದುಕೊಂಡವರ ದಿನನಿತ್ಯದ ಬದುಕು ಸುಧಾರಿಸಿತು, ತೆಗೆದುಕೊಳ್ಳದವರದು ಹಾಗೇ ಉಳಿಯಿತು ಅಂತ 2009ರಲ್ಲಿ ಪ್ರಕಟಿಸಿದರು. ನಮ್ಮದೇ ಹಳ್ಳಿ, ನಮ್ಮದೇ ಜನ. ಯಾವ ಮದುವೆ ಮನೆಯಲ್ಲೂ ಅದರ ಮಾತು ಬಂದಿದ್ದು ನಾನು ಕೇಳಿಲ್ಲ.

ನಗು ಸಾಕಾಯಿತು. ಸ್ಕ್ಯಾನಿಗೆ ಸಾವಿರಗಟ್ಟಲೆ ಸಾಲ ಮಾಡುವ ಮನೆಯಲ್ಲಿ ತಿಂಗಳ ಮಾತ್ರೆಗೆ ಬಸ್ ಚಾರ್ಜು ಇರುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಯಾರಾದರೂ ನೋಡುತ್ತಾರೆ, ಮರ್ಯಾದೆ ಪ್ರಶ್ನೆ. ಆ ಹುಡುಗ ರಾತ್ರಿಯಿಡೀ ನಿದ್ದೆಯಿಲ್ಲದೆ ಹೆದರಿ ಕೂತಿರುತ್ತಾನೆ, ಅವನನ್ನು ಏನಾಗ್ತಿದೆ ಅಂತ ಕೇಳುವವರೂ ಇಲ್ಲ. ನಾಟಕವಂತೆ! ಯಾವ ಸುಖಕ್ಕೆ ಆಡಬೇಕು ಅಂಥ ನಾಟಕ?

ಮಾತ್ರೆ ನಿಂತು ಕಾಯಿಲೆ ಮರುಕಳಿಸಿದರೆ ಮೊದಲು ಮೈಮೇಲೆ ದೇವರು ಬರುವ ದರ್ಶನದ ಪಾತ್ರಿ, ಆಮೇಲೆ ಇನ್ನೊಂದು ಸ್ಕ್ಯಾನ್. ಅದೂ ನಾರ್ಮಲ್ ಬಂದರೆ ಮದುವೆ. ಹುಡುಗಿ ಮನೆಯವರು ಕೇಳಿದರೆ ತೋರಿಸಲು ರಿಪೋರ್ಟೂ ಇದೆ.